ಎಲ್ಲವ್ವನ ಗುಡ್ಡ ಎಷ್ಟು ಹಳೇದು?

ಉಗರಗೋಳ ಅಂದ್ರೆ ಬೆಂಗಳೂರಲ್ಲಿ ಯಾರಿಗೂ ಗೊತ್ತಾಗೋದಿಲ್ಲ. "ಎಲ್ಲಿ ಬರುತ್ತೆ ಅದು?" ಅಂತಾರೆ. ಸವದತ್ತಿ ಹತ್ರ ಅಂದ್ರೆ ಅರ್ಧ ಜನ ಸುಮ್ಮನೆ ತಲೆ ಆಡಿಸ್ತಾರೆ. ಕೊನೆಗೆ ಎಲ್ಲಮ್ಮನ ಗುಡ್ಡದ ಬುಡದಲ್ಲಿರೋ ಊರು ಅಂದಾಗ, "ಓಹ್, ಹಾಗನ್ನಿ ಮತ್ತೆ!" ಎಂಬ ಉದ್ಗಾರ ಬರುತ್ತೆ. ನಮ್ಮೂರಿನ ಹಣೆಬರಹವೇ ಅಷ್ಟು. ಗುಡ್ಡದ ಹೆಸರು ಹೇಳಿಯೇ ನಮ್ಮ ಗುರುತು :)

ಅದರಲ್ಲಿ ಬೇಜಾರೇನೂ ಇಲ್ಲ ಬಿಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮೂರ ರಸ್ತೆಯ ಬಣ್ಣವೇ ಬದಲಾಗುತ್ತದೆ. ಎಲ್ಲಿ ನೋಡಿದರೂ ಭಂಡಾರದ ಹಳದಿ. ಮೊದಲು ಚಕ್ಕಡಿಗಳ ಸಾಲು ಬರುತ್ತಿತ್ತು, ಎತ್ತಿನ ಕೊರಳ ಗಂಟೆ ರಾತ್ರಿಯೆಲ್ಲ ಕೇಳುತ್ತಿತ್ತು ಅಂತ ಆಯಿ ಹೇಳ್ತಾಳೆ. (ಆಯಿ ಅಂದ್ರೆ ನಮ್ಮನೆಯಲ್ಲಿ ಅಜ್ಜಿ.) ಈಗಲೂ ಚಕ್ಕಡಿ ಬರ್ತಾವೆ, ಆದರೆ ಅದಕ್ಕಿಂತ ಹೆಚ್ಚಾಗಿ ಟ್ರ್ಯಾಕ್ಟರು, ಟೆಂಪೋ, ಕೊಲ್ಹಾಪುರದ ಕಡೆಯ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಟಿಕೆಟ್ ದುಡ್ಡಿಲ್ಲದೆ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಬರ್ತಾರೆ. ಕನ್ನಡ, ಮರಾಠಿ, ತೆಲುಗು ಎಲ್ಲ ಕಿವಿಗೆ ಬೀಳುತ್ತೆ. ಭಾಷೆ ಯಾವುದಾದರೂ ಘೋಷ ಮಾತ್ರ ಒಂದೇ... "ಉಧೋ ಉಧೋ!"

ಇಷ್ಟೆಲ್ಲ ಯಾಕೆ ನೆನಪಾಯ್ತು ಅಂದ್ರೆ, ನಮ್ಮ ಆಫೀಸಿನ ಗೆಳೆಯನೊಬ್ಬ ಪ್ರಾಜೆಕ್ಟ್ ಕೆಲಸದ ಮೇಲೆ ಜಪಾನಿಗೆ ಹೋಗಿ ಬಂದ. ಲಂಚ್ ಹೊತ್ತಲ್ಲಿ ಇಸೆ ಎಂಬ ಊರಿನ ಶಿಂಟೋ ಗುಡಿಯ ಫೋಟೋ ತೋರಿಸಿದ. ಜಪಾನಿನ ಗುಡಿಗಳಲ್ಲೆಲ್ಲ ಅದೇ ಹಿರಿದಂತೆ. ಸೂರ್ಯದೇವತೆ ಅಮತೆರಾಸುವಿನ ಸ್ಥಾನ. ಫೋಟೋ ನೋಡಿದರೆ ಮರ ಇನ್ನೂ ಹೊಚ್ಚ ಹೊಸದು! "ಇದು ಸಾವಿರದ ಮುನ್ನೂರು ವರ್ಷ ಹಳೇದು" ಅಂದ. "ಸುಳ್ಳು ಹೇಳಬೇಡ" ಅಂದೆವು. ಆಮೇಲೆ ಗೊತ್ತಾಯ್ತು, ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಥೇಟ್ ಅದೇ ಅಳತೆಯ ಹೊಸ ಗುಡಿ ಕಟ್ಟಿ, ದೇವರನ್ನು ಅಲ್ಲಿಗೆ ಕರೆದೊಯ್ದು, ಹಳೆಯದನ್ನು ಬಿಚ್ಚಿಬಿಡ್ತಾರೆ. 690ರಲ್ಲಿ ಶುರುವಾದದ್ದು. ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಹೆಚ್ಚು ನಿಂತೇ ಹೋಗಿ ಮತ್ತೆ ಶುರುವಾಯಿತು. 2013ರಲ್ಲಿ ಆದದ್ದು 62ನೆಯದು, ಮುಂದಿನದು 2033ಕ್ಕೆ.

ಗೆಳೆಯ ಕೊನೆಗೆ ನನ್ನನ್ನೇ ಕೇಳಿದ: "ನಿಮ್ಮ ಎಲ್ಲಮ್ಮನ ಗುಡಿ ಎಷ್ಟು ಹಳೇದು?"

ಸಾಫ್ಟ್‌ವೇರ್ ಕೆಲಸದವರಿಗೆ ಇಂಥ ಪ್ರಶ್ನೆಗೆ ಒಂದೇ ನಂಬರ್ ಉತ್ತರವಾಗಿ ಕೊಟ್ಟುಬಿಡೋ ಚಪಲ. ಆದರೆ ಇಲ್ಲಿ ಒಂದು ನಂಬರ್ ಸಾಲೋದಿಲ್ಲ.

ಕಲ್ಲಿನ ಕಟ್ಟಡದ ಲೆಕ್ಕ ಕೇಳಿದರೆ ಉತ್ತರ ಸುಲಭ. ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಅಂತ ಹೇಳಿಕೆ. ಅಂದರೆ ಐನೂರು ವರ್ಷದ ಮೇಲಾಯಿತು. ಆದರೆ ಸುತ್ತಲಿನ ನೆಲ ಅದಕ್ಕಿಂತ ಎಷ್ಟೋ ಹಳೇದು. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಒಂಬತ್ತನೇ ಶತಮಾನದಿಂದ ರಟ್ಟರು ಇಲ್ಲಿಂದ ಆಳಿದರು, ಹದಿಮೂರನೇ ಶತಮಾನದ ಹೊತ್ತಿಗೆ ರಾಜಧಾನಿ ಬೆಳಗಾವಿಗೆ ಹೋಗಿತ್ತು. ಬಸದಿ ಕಟ್ಟಿಸಿ ದಾನ ಕೊಟ್ಟ ಅವರ ಶಾಸನಗಳು ಸವದತ್ತಿಯಲ್ಲಿ ಸಿಕ್ಕಿವೆ. ಬ್ರಿಟಿಷರ ಕಾಲದಲ್ಲಿ ಈ ತಾಲ್ಲೂಕಿಗೆ ಪರಸಗಡ ಅಂತ ಹೆಸರು. ಪರಸಗಡ ಅಂದರೆ ಪರಶುರಾಮನ ಗಡ ಅಂತ ಜನ ಅರ್ಥ ಹೇಳ್ತಾರೆ. ಅಲ್ಲಿಗೆ ಲೆಕ್ಕ ಶಾಸನ ಬಿಟ್ಟು ಪುರಾಣಕ್ಕೆ ಜಿಗಿಯಿತು ನೋಡಿ!

ಪುರಾಣದ ಕಥೆ ನಿಮಗೆಲ್ಲ ಗೊತ್ತಿರಬಹುದು. ನಮ್ಮ ಆಯಿ ಹೇಳೋ ರೀತಿಯಲ್ಲಿ ಚುಟುಕಾಗಿ ಹೇಳ್ತೀನಿ. ರೇಣುಕೆ ಜಮದಗ್ನಿ ಋಷಿಯ ಹೆಂಡತಿ. ದಿನಾ ಬೆಳಗ್ಗೆ ಮಲಪ್ರಭೆಗೆ ಹೋಗಿ, ಹಸಿ ಉಸುಕಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿ ತಲೆ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರು ಜಲಕ್ರೀಡೆ ಆಡೋದನ್ನು ಕಂಡು ಒಂದು ಗಳಿಗೆ ಮನಸ್ಸು ಅತ್ತ ಹೋಯಿತು. ಅಷ್ಟೇ. ಉಸುಕು ಕೊಡವಾಗಲಿಲ್ಲ, ಹಾವು ಹರಿದು ಹೋಯಿತು. ಗಂಡ ಶಾಪ ಕೊಟ್ಟ, ಮೈತುಂಬ ಹುಣ್ಣಾಯಿತು. ಕಾಡಲ್ಲಿ ಅಲೆಯುವಾಗ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ಸಿಕ್ಕರು. ಅವರು ಹೇಳಿದಂತೆ ಜೋಗುಳಬಾವಿಯಲ್ಲಿ ಮಿಂದಳು, ಭಿಕ್ಷೆ ಬೇಡಿದಳು, ವಾಸಿಯಾದಳು. ಮನೆಗೆ ಮರಳಿದರೆ ಗಂಡನ ಸಿಟ್ಟು ಇಳಿದಿರಲಿಲ್ಲ. ತಾಯಿಯ ತಲೆ ಕಡಿಯಿರಿ ಅಂತ ಮಕ್ಕಳಿಗೆ ಹೇಳಿದ. ನಾಲ್ವರು ಒಲ್ಲೆವೆಂದರು, ಅವರಿಗೆ ಗಂಡಸುತನ ಹೋಗಲಿ ಅಂತ ಶಾಪ ಕೊಟ್ಟ. ಐದನೆಯವನು ಪರಶುರಾಮ, ಕಡಿದುಬಿಟ್ಟ. ಮೆಚ್ಚಿದ ಅಪ್ಪ ವರ ಕೇಳು ಅಂದಾಗ ತಾಯಿಯನ್ನೇ ಬದುಕಿಸು ಅಂತ ಕೇಳಿದ.

ಇಲ್ಲಿಂದ ಮುಂದೆ ಕಥೆ ಊರಿಗೊಂದು ದಾರಿ ಹಿಡಿಯುತ್ತದೆ. ದಕ್ಷಿಣದ ಹಲವು ಕಡೆ ಹೇಳೋದೇನಂದ್ರೆ, ಬದುಕಿಸೋ ಹೊತ್ತಿಗೆ ತಲೆ ಮತ್ತು ಮೈ ಅದಲುಬದಲಾದವು. ಬ್ರಾಹ್ಮಣ ಋಷಿಪತ್ನಿಯ ತಲೆ ಮಾತಂಗಿಯ ಮೈಗೆ, ಮಾತಂಗಿಯ ತಲೆ ರೇಣುಕೆಯ ಮೈಗೆ. ಈ ಕಥೆ ಪ್ರವಾಸಿಗರ ಪುಸ್ತಕಗಳ ಮೂಲಕ ಯುರೋಪಿಗೂ ಹೋಗಿ, ಜರ್ಮನಿಯ ಗಯಟೆ 1820ರ ದಶಕದಲ್ಲಿ 'ಪರಿಯಾ' ಎಂಬ ಪದ್ಯಗಳನ್ನು ಇದರ ಮೇಲೆಯೇ ಬರೆದ. ಗುಡ್ಡದಲ್ಲಿ ಈಗಲೂ ಎಲ್ಲಮ್ಮನ ಗುಡಿಯ ಆಸುಪಾಸಿನಲ್ಲೇ ಪರಶುರಾಮ, ಜಮದಗ್ನಿ, ಎಕ್ಕಯ್ಯ ಜೋಗಯ್ಯರ ಜೊತೆ ಮಾತಂಗಿಗೂ ಗುಡಿ ಇದೆ. ನನಗೆ ಗುಡ್ಡದಲ್ಲಿ ಬಹಳ ಇಷ್ಟವಾದ ಗುಡಿ ಅದು. 'ಎಲ್ಲರ ಅಮ್ಮ ಎಲ್ಲಮ್ಮ' ಅಂತ ಜನ ಹೇಳೋ ಅರ್ಥಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇನು?

ಕಲ್ಲು ಆಯಿತು, ಕಥೆ ಆಯಿತು. ಮೂರನೆಯದು ಜನ ಮಾಡೋ ಕೆಲಸ. ನನ್ನ ಪ್ರಕಾರ ನಿಜವಾದ ಹಳೆಯ ಗುಡಿ ಇದೇ.

ಆಯಿಗೆ ಏನೇ ಆದರೂ ಮೊದಲು ಜೋಗುಳಬಾವಿ ಆಗಬೇಕು. ಅಲ್ಲಿ ಸತ್ಯವ್ವನ ಗುಡಿಯ ಹತ್ತಿರ ಜಳಕ ಮಾಡಿ ಆಮೇಲೆ ಗುಡ್ಡ ಹತ್ತೋದು. (ಜಪಾನಿನ ಗುಡಿಗಳ ಮುಂದೆಯೂ ಕೈ ಬಾಯಿ ತೊಳೆಯಲು ನೀರಿನ ತೊಟ್ಟಿ ಇರುತ್ತೆ ಅಂತ ಗೆಳೆಯ ಹೇಳಿದಾಗ ಆಯಿಗೆ ಫೋನ್ ಮಾಡಿ ತಿಳಿಸಿದೆ. "ಮತ್ತ! ಹೊಲಸ ಮೈಯಾಗ ದೇವರ ಕಡೆ ಯಾರ ಹೋಗ್ತಾರ?" ಅಂದಳು. ಜಪಾನಿನ ವಿಷಯ ಅಲ್ಲಿಗೇ ಮುಗೀತು.) ಗುಡ್ಡದ ಮೇಲೆ ಎಣ್ಣೆಹೊಂಡದ ನೀರು ತಲೆಗೆ ಹಾಕ್ಕೊಂಡು ದರ್ಶನ. ಆಮೇಲೆ ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಅಡುಗೆ. ಹೋಳಿಗೆ, ಕಡುಬು, ಅನ್ನ, ಬದನೆಕಾಯಿ ಪಲ್ಯ. ಅದನ್ನು ದೇವಿಯ ಬುಟ್ಟಿಗೆ, ಅಂದರೆ ಪಡ್ಡಲಗಿಗೆ ತುಂಬಿ ಜೋಗತಿಯರ ಕೈಯಲ್ಲಿ ಪೂಜೆ ಮಾಡಿಸಿ, ಎಲ್ಲರೂ ಕೂತು ಉಣ್ಣೋದು. ಪಕ್ಕದಲ್ಲಿ ಚೌಡಿಕೆ. ಟೊಳ್ಳು ಕೊಳಗದಂಥದ್ದು, ಒಂದು ಬದಿಗೆ ಚರ್ಮ, ಒಂದು ಕೋಲು, ಒಂದೇ ತಂತಿ. ಆ ಒಂದು ತಂತಿಯ ಮೇಲೆ ರಾತ್ರಿಯಿಡೀ ಕಥೆ ಹಾಡ್ತಾರೆ. ಹಿತ್ತಾಳೆಯ ಮುಖವಿರೋ ದೇವಿಯ 'ಜಗ'ವನ್ನು ತಲೆ ಮೇಲೆ ಹೊತ್ತು, ಕೈ ಹಿಡಿಯದೆ ಕುಣಿಯೋ ಜೋಗಪ್ಪನನ್ನು ನೋಡಬೇಕು ನೀವು! ಗಂಡಾಗಿ ಹುಟ್ಟಿ, ಎಲ್ಲವ್ವ ಕರೆದಳು ಅಂತ ಸೀರೆ ಉಟ್ಟವರು ಇವರು.

ವರ್ಷದ ಚಕ್ರವೂ ಕಥೆಯ ಹಿಂದೆಯೇ ತಿರುಗುತ್ತೆ. ಕಾರ್ತವೀರ್ಯಾರ್ಜುನ ಜಮದಗ್ನಿಯನ್ನು ಕೊಂದ ನೆನಪಿಗೆ ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ. ಆ ದಿನ ದೇವಿ ವಿಧವೆಯಾಗ್ತಾಳೆ, ಜೋಗತಿಯರು ಬಳೆ ಒಡೆದುಕೊಳ್ತಾರೆ. ಮುಂದೆ ಜಮದಗ್ನಿ ಬದುಕಿದ ನೆನಪಿಗೆ ಮುತ್ತೈದೆ ಹುಣ್ಣಿಮೆ, ಮತ್ತೆ ಬಳೆ, ಮತ್ತೆ ಕುಂಕುಮ. ದೇವರೇ ವರ್ಷಕ್ಕೊಮ್ಮೆ ವಿಧವೆಯಾಗಿ ಮತ್ತೆ ಮುತ್ತೈದೆಯಾಗೋ ಊರು ನಮ್ಮದು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಇದೊಂದು ಚೆಂದದ ಪ್ರವಾಸ ಕಥನ ಆಗ್ತಿತ್ತು. ಆದರೆ ಇನ್ನೊಂದು ಮಾತು ಹೇಳದೆ ಮುಗಿಸಿದರೆ ನಮ್ಮನೆಯಲ್ಲೇ ಒಬ್ಬರಿಗೆ ಅನ್ಯಾಯ ಮಾಡಿದಂತೆ.

ಆಯಿಗೆ ಒಬ್ಬ ತಂಗಿ ಇದ್ದಳು. ನಾವೆಲ್ಲ ಸಣ್ಣಾಯಿ ಅಂತಿದ್ವಿ. ಆಕೆಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ತಲೆಯಲ್ಲಿ ಕೂದಲು ಗಂಟು ಕಟ್ಟಿ ಜಡೆಯಾಯಿತು. ಎಲ್ಲವ್ವ ಕರೆದಾಳೆ ಅಂತ ಓಣಿಯವರೆಲ್ಲ ಹೇಳಿದರು. ಬಿಳಿ ಕೆಂಪು ಮಣಿಯ ಸರ ಕೊರಳಿಗೆ ಬಿತ್ತು. ಮುತ್ತು ಕಟ್ಟೋದು ಅಂದ್ರೆ ಇದೇ. ಆಮೇಲೆ ಮದುವೆ ಇಲ್ಲ. ಆಕೆಯ ಮಕ್ಕಳಿಗೆ ಶಾಲೆಯ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಹೆಸರು ದೇವರದ್ದು, ಲಾಭ ಊರ ದೊಡ್ಡವರದ್ದು. ಹೀಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ನಮ್ಮದೂ ಅಂಥದೇ ಮನೆ. ತಲೆ ಬದಲಾದ ಕಥೆಯಲ್ಲಿ ಮಾತಂಗಿಯ ಮೈ ದೇವರಿಗೆ ಬೇಕಾಯಿತು. ಕಥೆಯ ಹೊರಗೂ ಹಾಗೇ ಆಗಿದ್ದು ನೋಡಿ.

ಕಾನೂನು ಇರಲಿಲ್ಲ ಅಂತಲ್ಲ. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ 1934ರಲ್ಲೇ ಒಂದು ಕಾಯ್ದೆ ಬಂತು. ಕರ್ನಾಟಕದ್ದು 1982ರಲ್ಲಿ ಬಂತು. ಅದರಲ್ಲಿ ಹೆತ್ತವರೇ ಮಗಳನ್ನು ಬಿಟ್ಟರೆ 2ರಿಂದ 5 ವರ್ಷದವರೆಗೆ ಜೈಲು ಅಂತಿತ್ತು. ಆದರೂ 1993-94 ಮತ್ತು 2007-08ರಲ್ಲಿ ರಾಜ್ಯ ಸರ್ಕಾರ ಮಾಡಿಸಿದ ಎರಡು ಸಮೀಕ್ಷೆಗಳಲ್ಲಿ ಸಿಕ್ಕ ದೇವದಾಸಿಯರ ಒಟ್ಟು ಸಂಖ್ಯೆ 46,660. ಸಣ್ಣಾಯಿ ಆ ಲೆಕ್ಕದಲ್ಲಿ ಒಂದು. ಫಾರ್ಮ್ ತುಂಬಿಸಿಕೊಳ್ಳಲು ಬಂದವರಿಗೆ ಚಹಾ ಮಾಡಿ ಕೊಟ್ಟಿದ್ದಳಂತೆ.

ಈ ಸಲ ಅದೇ ಪ್ರಶ್ನೆ ಮತ್ತೆ ನಮ್ಮನೆ ಬಾಗಿಲಿಗೆ ಬಂತು. ಅಕ್ಕನ ಮಗಳಿಗೆ ಆರು ವರ್ಷ. ಮೇ ತಿಂಗಳಲ್ಲಿ ಜ್ವರ ಬಂದು ಹದಿನೈದು ದಿನ ಮಲಗಿದ್ದಳು, ತಲೆ ಬಾಚಲಿಲ್ಲ. ಎದ್ದಾಗ ಹಿಂದಲೆಯಲ್ಲಿ ಹೆಬ್ಬೆರಳು ಗಾತ್ರದ ಗಂಟು. ಅಕ್ಕ ಎಣ್ಣೆ ಹಚ್ಚಿ ಬಿಡಿಸಲು ನೋಡಿದರೆ ಕೂಸು ಚೀರುತ್ತೆ. ಅಷ್ಟರಲ್ಲಿ ಓಣಿಯಲ್ಲಿ ಮಾತು ಹಬ್ಬಿತು. "ತಲಿಗೆ ಕೈ ಹಚ್ಚಬ್ಯಾಡ್ರಿ, ಜಡಿ ಬಂದೈತಿ." ಮುತ್ತು ಕಟ್ಟಿ ಅಂತ ಈಗ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಪೊಲೀಸರ ಭಯ ಇದೆ. ಆದರೆ ಕತ್ತರಿಸಿದರೆ ಮನೆತನಕ್ಕೆ ಕೇಡು ಅಂತ ಹೇಳೋಕೆ ಯಾರ ಭಯವೂ ಇಲ್ಲ. ಅಕ್ಕನ ಗಂಡ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಡಿಗ್ರಿ ಓದಿದ ಮನುಷ್ಯ. ಓದು ಬೇರೆ, ಮಗಳ ತಲೆಗೆ ಕತ್ತರಿ ಇಡೋ ಕೈ ಬೇರೆ.

ಇದಕ್ಕೆ ವಿವರಣೆ ಕಷ್ಟದ್ದೇನಲ್ಲ. ಬಾಚದ ಕೂದಲಿಗೆ ಬೆವರು, ಧೂಳು, ಎಣ್ಣೆಯ ಜಿಡ್ಡು ಸೇರಿ ಎಳೆಗೆ ಎಳೆ ಸುತ್ತಿಕೊಳ್ಳುತ್ತೆ. ದೇವರದ್ದು ಅಂತ ಮುಟ್ಟದೆ ಬಿಟ್ಟಷ್ಟೂ ಬಿಗಿಯಾಗುತ್ತೆ. ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೀಗೆ ಜಡೆಗಟ್ಟಿದ ಎಷ್ಟೋ ಹೆಣ್ಣುಮಕ್ಕಳ ಕೂದಲು ಕತ್ತರಿಸಿ ತಲೆ ಹಗುರ ಮಾಡಿದ್ದಾರೆ. ಇದನ್ನೆಲ್ಲ ನಾನು ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಅಕ್ಕ ಕೇಳಿಸಿಕೊಂಡು, "ನೀ ಹೇಳೂದು ಖರೆ ತಮ್ಮಾ, ಆದರ..." ಅಂದಳು. ಆ 'ಆದರ'ದ ಮುಂದೆ ನನ್ನ ಯಾವ ಲಾಜಿಕ್ಕೂ ನಡೀಲಿಲ್ಲ.

ನಡೆದದ್ದು ಆಯಿಯದು. ಎಂಬತ್ತು ದಾಟಿದ ಮುದುಕಿ, ಪ್ರತಿ ಮಂಗಳವಾರ, ಶುಕ್ರವಾರ ಉಪವಾಸ, ಎಲ್ಲವ್ವನ ಹೆಸರಿಲ್ಲದೆ ಒಂದು ತುತ್ತು ಬಾಯಿಗಿಡದವಳು. ಬಸ್ಸು ಹತ್ತಿ ಅಕ್ಕನ ಮನೆಗೆ ಹೋದಳು. ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಗಂಟು ಮುಟ್ಟಿ ನೋಡಿದಳು. "ನನ್ನ ತಂಗೀದೂ ಇಷ್ಟ ಇತ್ತು" ಅಂದಳಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕತ್ರಿ ತಗೊಂಬಾ" ಅಂದಳು. ಅಕ್ಕ ಹಿಂದೆಮುಂದೆ ನೋಡಿದಾಗ, "ಕೇಡ ಬಂದರ ನನಗ ಬರಲಿ. ಆಕಿ ಕಡೆ ನಾ ಮಾತಾಡ್ತೀನಿ, ಆಕಿ ನನಗ ಗೊತ್ತದಾಳ" ಅಂತ ಹೇಳಿ, ಭಂಡಾರ ಹಚ್ಚಿ ಕತ್ತರಿಸಿಯೇಬಿಟ್ಟಳು. ಆ ಗಂಟನ್ನು ಎಲ್ಲೂ ಪೂಜೆಗಿಡಲಿಲ್ಲ. ಒಲೆಗೆ ಹಾಕಿದಳು.

ಇದನ್ನು ಕೇಳಿದ ಮೇಲೆ ಇಸೆಯ ಬಗ್ಗೆ ಇನ್ನಷ್ಟು ಓದಿದೆ. ಅಲ್ಲೂ ಒಂದು ಹಳೆಯ ಪದ್ಧತಿ ಇತ್ತಂತೆ. ಚಕ್ರವರ್ತಿ ಮನೆತನದ ಮದುವೆಯಾಗದ ಹುಡುಗಿಯೊಬ್ಬಳನ್ನು ಆರಿಸಿ, ದೇವಿಯ ಸೇವೆಗೆಂದು ಅರಮನೆಯಿಂದ ದೂರ ಇಸೆಗೆ ಕಳಿಸುತ್ತಿದ್ದರು. 'ಸೈಓ' ಅಂತ ಅವಳಿಗೆ ಹೆಸರು. ನಮ್ಮ ಸಣ್ಣಾಯಿಯ ಬಾಳಿಗೂ ಆ ರಾಜಕುಮಾರಿಯ ಬಾಳಿಗೂ ಹೋಲಿಕೆ ಇಲ್ಲ. ಅವಳಿಗೆ ಅರಮನೆ, ಪರಿವಾರ ಎಲ್ಲ ಇತ್ತು. ಆದರೆ ಒಂದು ಮಾತು ನನಗೆ ಮುಖ್ಯ ಅನ್ನಿಸಿತು. ನೂರಾರು ವರ್ಷ ನಡೆದ ಆ ಪದ್ಧತಿ ಹದಿನಾಲ್ಕನೇ ಶತಮಾನದಲ್ಲಿ ನಿಂತುಹೋಯಿತು. ಗುಡಿ ನಿಲ್ಲಲಿಲ್ಲ. ಅದು ಹಳೆಯ ಗುಡಿಯಾಗಿಯೇ ಉಳಿಯಿತು. ಹುಡುಗಿಯನ್ನು ಕಳಿಸದಿದ್ದರೆ ದೇವರು ಹೋಗಿಬಿಡ್ತಾಳೆ ಅನ್ನೋ ಭಯ ಸುಳ್ಳಾಗಲು ಅದೊಂದು ಸಾಕ್ಷಿ.

ನಮ್ಮಲ್ಲೂ ಸಾಕ್ಷಿ ಇಲ್ಲದಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಇದೇ ರೇಣುಕಾಂಬೆಯ ಗುಡಿಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಗಲಾಟೆಯ ನಂತರ ಸರ್ಕಾರ ನಿಷೇಧಿಸಿತು. ಜಾತ್ರೆ ಈಗಲೂ ಇದೆ, ಭಕ್ತರೂ ಇದ್ದಾರೆ. ನಮ್ಮ ಗುಡ್ಡದ ಪರಂಪರೆಯಿಂದಲೇ ಬಂದ ಇಬ್ಬರನ್ನು ನೋಡಿ. ಚಿಕ್ಕೋಡಿ ಕಡೆಯ ಸೀತವ್ವ ಜೋಡಟ್ಟಿ, ಎಳೆವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡವರು. ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ನಿಂತು ತಮ್ಮಂಥ ಸಾವಿರಾರು ಹೆಣ್ಣುಮಕ್ಕಳನ್ನು ಈ ಪದ್ಧತಿಯಿಂದ ಹೊರತಂದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಅದೇ ಎಲ್ಲಮ್ಮನ ಹೆಸರಲ್ಲಿ ಜೋಗತಿ ನೃತ್ಯವನ್ನು ವೇದಿಕೆಗೆ ತಂದರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬರು ಸರವನ್ನು ಬಿಚ್ಚಿಸಿದರು, ಇನ್ನೊಬ್ಬರು ಕುಣಿತವನ್ನು ಉಳಿಸಿದರು. ಎರಡೂ ಒಂದೇ ದೇವಿಯ ಸೇವೆ ಅಂತ ನಾನು ತಿಳಿದಿದ್ದೀನಿ.

2024ರಲ್ಲಿ ಕೇಂದ್ರ ಸರ್ಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ರಸ್ತೆ, ನೀರು, ನೆರಳು, ಶೌಚಾಲಯ ಎಲ್ಲ ಆಗಲಿ, ಬಯಲಲ್ಲಿ ಅಡುಗೆ ಮಾಡಿ ಮಲಗೋ ಜನಕ್ಕೆ ಅದು ಬೇಕೇ ಬೇಕು. ಕಲ್ಲು, ಸಿಮೆಂಟು ಹೊಸದಾದರೆ ಗುಡಿ ಹೊಸದಾಗೋದಿಲ್ಲ, ಅದನ್ನು ಇಸೆಯವರು 62 ಸಲ ತೋರಿಸಿದ್ದಾರೆ. ಚೌಡಿಕೆ ಹಿಡಿಯೋ ಕೈ ಇಲ್ಲದಾದರೆ ಮಾತ್ರ ಗುಡ್ಡ ಬರೀ ಗುಡ್ಡ. ಸಣ್ಣಾಯಿ ಹಾಡುತ್ತಿದ್ದ ಹಾಡುಗಳಲ್ಲಿ ಆಯಿಗೆ ನೆನಪಿರೋದನ್ನೆಲ್ಲ ಮೊಬೈಲಲ್ಲಿ ರೆಕಾರ್ಡ್ ಮಾಡ್ತಿದ್ದೀನಿ. ಇಲ್ಲಿಯವರೆಗೆ ಹನ್ನೊಂದಾಗಿವೆ. ನಡುವೆ ಕೆಮ್ಮು, ಆಡಿನ ಕೂಗು, "ಸಾಕ ಬಿಡೋ" ಅನ್ನೋ ಬೈಗುಳ ಎಲ್ಲ ಇದೆ :)

ಗೆಳೆಯನಿಗೆ ಈಗ ಏನು ಉತ್ತರ ಕೊಡಲಿ? ಕಲ್ಲು ಐನೂರು ವರ್ಷದ್ದು, ಕಥೆಗೆ ವಯಸ್ಸಿಲ್ಲ, ಇನ್ನು ಪದ್ಧತಿಯ ಮಾತು ಹೇಳೋದಾದರೆ ಅದರಲ್ಲಿ ಒಂದು ತುಂಡು ಮೊನ್ನೆ ಮೊನ್ನೆಯದು. ಆಯಿ ಕತ್ತರಿ ಹಿಡಿದು ಶುರು ಮಾಡಿದ್ದು.

ನೀವು ಬನದ ಹುಣ್ಣಿಮೆಗೆ ಬರೋದಾದರೆ ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರ್. ಜೋಗುಳಬಾವಿಯಲ್ಲಿ ಇಳಿದು ಕಾಲಾದರೂ ತೊಳೆದುಕೊಂಡು ಮೇಲೆ ಹತ್ತಿ. ಎಲ್ಲಮ್ಮನ ದರ್ಶನದ ಸಾಲು ಉದ್ದ ಇರುತ್ತೆ, ತಾಳ್ಮೆ ಇರಲಿ. ಅದಾದ ಮೇಲೆ ಮರೀದೇ ಮಾತಂಗಿಯ ಗುಡಿಗೂ ಹೋಗಿ ಬನ್ನಿ. ಇಳಿಯುವಾಗ ಉಗರಗೋಳದ ಕಡೆ ತಿರುಗಿದರೆ ನಮ್ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇದ್ದೇ ಇರುತ್ತೆ.